ಸ್ಲ್ಯಾಬಿನ ಮೇಲೆ ಕುಳಿತ ದಿನ

ಗೋಕುಲ ರಸ್ತೆಯ ನಮ್ಮ ಆರ್ಕಿಟೆಕ್ಟ್ ಆಫೀಸಿನಲ್ಲಿ ಮುಖ್ಯಸ್ಥರ ಜಾಗ ಖಾಲಿಯಾದ ಮೇಲೆ ನನಗೆ ಮಾತಿನ ಮೇಲೇ ಹೇಸಿಗೆ ಹುಟ್ಟಿತು. ಆ ಜಾಗಕ್ಕೆ ಇದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬ ನನಗಿಂತ ಎಷ್ಟೋ ತಡವಾಗಿ ಸೇರಿದ ಸಹೋದ್ಯೋಗಿ. ನಾನು ಮಾತು ಶುರು ಮಾಡುವವಳಲ್ಲ, ಅವನು ನಿಲ್ಲಿಸುವವನಲ್ಲ. ಗಿರಾಕಿ ಬಂದರೆ ಸಾಕು, ಕಂಪ್ಯೂಟರಿನಲ್ಲಿ ಮಾಡಿದ ಮನೆಯ ಚಿತ್ರ ತೋರಿಸುತ್ತಾ ಶುರು ಹಚ್ಚಿಕೊಳ್ಳುತ್ತಿದ್ದ. ಸತ್ತೂರಿನಲ್ಲಿ ಕಟ್ಟುವ ಅರಳೆ ವ್ಯಾಪಾರಿಯ ಮನೆ ಮುಂದೆ ಖರ್ಜೂರದ ಮರ, ಚಡ್ಡಿ ಹಾಕಿಕೊಂಡು ಓಡುವ ಬಿಳಿಯ ಹೆಂಗಸು. ಅವಳಿಗೆ ಅಲ್ಲೇನು ಕೆಲಸವೋ! ವ್ಯಾಪಾರಿಯ ಮನೆಮಂದಿಯೆಲ್ಲ ತಲೆಯಾಡಿಸಿದರು.

ಆಫೀಸಿನ ಮಾಲೀಕರಾದ ನಮ್ಮ ಸಾಹೇಬರಿಗೂ ಅಂಥ ಮಾತೇ ಬೇಕು. ನನ್ನನ್ನು ಸುಧಾರಿಸಲೆಂದು ಒಂದು ಹೋಟೆಲಿನಲ್ಲಿ ನಡೆದ ಶಿಬಿರಕ್ಕೆ ಕಳಿಸಿದರು. ಅಲ್ಲಿ ಎಲ್ಲರನ್ನೂ ಕುರ್ಚಿಯ ಮೇಲೆ ಹತ್ತಿಸಿ, ನಾನೇ ನಾಯಕ, ನಾನೇ ನಾಯಕಿ ಎಂದು ಕೂಗಿಸಿದರು. ಥೂ! ತಲೆ ನರೆತ ಮಂದಿ ಕೈ ಎತ್ತಿ ಅರಚುವುದನ್ನು ನೋಡಿ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಮನೆಯಲ್ಲಿ ಅವ್ವ, ತುಂಬಿದ ಕೊಡ ತುಳುಕುವುದಿಲ್ಲ ಎಂದು ಸಮಾಧಾನ ಹೇಳಿದಳು. ತುಳುಕದ ಕೊಡವನ್ನು ಮೂಲೆಯಲ್ಲೇ ಇಟ್ಟು ಮರೆಯುತ್ತಾರೆ ಎಂದು ನಾನು ಅನ್ನಲಿಲ್ಲ.

ಆ ವಾರವೇ ವ್ಯಾಪಾರಿಯ ಮನೆಗೆ ಸ್ಲ್ಯಾಬ್ ಹಾಕುವುದಿತ್ತು. ಅದು ಮುಗಿದ ಮೇಲೆ ಯಾರು ಮುಖ್ಯಸ್ಥರೆಂದು ತಿಳಿಸುವುದಾಗಿ ಸಾಹೇಬರು ಹೇಳಿದ್ದರು. ಸ್ಲ್ಯಾಬ್ ಎಂದರೆ ನಮ್ಮ ಕಡೆ ಅರ್ಧ ಮದುವೆ. ಪೂಜೆ, ತೆಂಗಿನಕಾಯಿ, ಮುಹೂರ್ತ, ಕೆಲಸದವರಿಗೆಲ್ಲ ಹುಗ್ಗಿ ಊಟ. ಹಿಂದಿನ ಸಂಜೆ ಕಬ್ಬಿಣದ ಸರಳು ಸರಿಯಾಗಿ ಕಟ್ಟಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವ ಕೆಲಸ ಅವನದು. ನೋಡಿದ್ದನಂತೆ! ಬೆಳಿಗ್ಗೆ ನಾನು ಮೇಲೆ ಹತ್ತಿದರೆ, ಹೊರಚಾಚಿದ ಬಾಲ್ಕನಿಯಲ್ಲಿ ಮೇಲ್ಗಡೆ ಇರಬೇಕಾದ ಸರಳುಗಳು ಪೂರ್ತಿ ಕೆಳಗೆ ಮಲಗಿದ್ದವು. ಹಾಗೇ ಕಾಂಕ್ರೀಟ್ ಸುರಿದಿದ್ದರೆ, ಆಸರೆಯ ಹಲಗೆ ತೆಗೆದ ದಿನ ಬಾಲ್ಕನಿ ನೆಲಕ್ಕೆ ಬರುತ್ತಿತ್ತು.

ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. ಮುಹೂರ್ತ ಮೀರುತ್ತದೆ, ಗಿರಾಕಿಯ ಎದುರು ಮಾನ ಕಳೆಯಬೇಡಿ, ಆಮೇಲೆ ನೋಡೋಣ ಎಂದ. ಆಮೇಲೆ ಏನು ನೋಡುವುದು, ಹೆಣವನ್ನೇ? ಅವನು ಕಾಂಕ್ರೀಟ್ ಕಲಸುವ ಮಶೀನ್ ಚಾಲೂ ಮಾಡಲು ಕೈಬೀಸಿದ. ನನಗೆ ಕೂಗಲು ಬರುವುದಿಲ್ಲ. ಹೋಗಿ ಆ ಸರಳುಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ. ಬುಟ್ಟಿ ಹೊತ್ತು ಬಂದವರು ಹಾಗೇ ನಿಂತರು. ಗುತ್ತಿಗೆದಾರ ಓಡಿ ಬಂದು ಬಗ್ಗಿ ನೋಡಿದ, ಮುಖ ಬಿಳಿಚಿಕೊಂಡಿತು. ಮುಹೂರ್ತಕ್ಕೆ ಈಶಾನ್ಯ ಮೂಲೆಯ ಕಂಬದ ತಲೆಗೆ ಒಂದು ಬುಟ್ಟಿ ಹಾಕಿಸಿ, ಉಳಿದದ್ದು ಇದನ್ನು ಸರಿಪಡಿಸಿದ ಮೇಲೆ ಎಂದೆ. ವ್ಯಾಪಾರಿಗೂ ಅದು ಒಪ್ಪಿಗೆಯಾಯಿತು.

ಹುಗ್ಗಿ ಉಣ್ಣುವಾಗ ನಮ್ಮ ಮಹಾಶಯ ಎದ್ದು ನಿಂತು, ಸುರಕ್ಷತೆಯ ವಿಷಯದಲ್ಲಿ ನಮ್ಮ ಆಫೀಸು ರಾಜಿಯಾಗುವುದಿಲ್ಲ ಎಂದು ಭಾಷಣ ಬಿಗಿದ. ಪೂಜೆಗೆಂದು ಬಂದಿದ್ದ ಸಾಹೇಬರು ಚಪ್ಪಾಳೆ ತಟ್ಟಿದರು. ನನಗೆ ಎಲೆಯ ಮೇಲಿನ ತುಪ್ಪವೂ ನಾತ ಹೊಡೆಯತೊಡಗಿತು.

ಸೋಮವಾರ ಅವನೇ ಮುಖ್ಯಸ್ಥನಾದ. ಯಾಕೆ ಎಂದು ಸಾಹೇಬರನ್ನು ಕೇಳಿಯೇಬಿಟ್ಟೆ.

“ಮಂದಿ ಮುಂದ ಮಾತಾಡಿದಾಂವ ಅಂವ,” ಎಂದರು. “ನೀವು ಬರೇ ಕುಂತಿದ್ರಿ.”

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಖರೇ. ನಾನು ನನ್ನ ಟೇಬಲ್ಲಿಗೆ ವಾಪಸು ಬಂದೆ.

ಮುಂದಿನ ತಿಂಗಳು ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸ್ಲ್ಯಾಬ್ ಇತ್ತು. ಅದೇ ಗುತ್ತಿಗೆದಾರ ನನಗೆ ಫೋನ್ ಮಾಡಿ, ಕಬ್ಬಿಣ ನೋಡಲು ಬನ್ನಿ ಎಂದ. ನನ್ನ ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಈಗ ಮುಖ್ಯಸ್ಥರು ಬೇರೆ ಇದ್ದಾರೆ, ಅವರನ್ನೇ ಕೇಳಿ ಎಂದೆ.

“ಕೇಳೇನ್ರಿ ಅಕ್ಕಾರ. ಬಂದು ನೋಡಲಾರದ ಹಾಕ್ರಿ ಅಂದಾರ. ಅದಕ್ಕ ನಿಮಗ ಫೋನ್ ಹಚ್ಚೇನ್ರಿ.”