ಚುನಾವಣೆಗೆ ಮುಂಚಿನ ವಾಯಿದೆ

ಅನಂತರಾಜಯ್ಯನವರು ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಚನ್ನರಾಯಪಟ್ಟಣದ ಕಡೆಯ ಜೈನ ಮನೆತನ. ಹೊಳೆನರಸೀಪುರದ ಕೋರ್ಟಿಗೆ ಸರ್ಕಾರಿ ವಕೀಲರಾಗಿ ಬಂದ ಮೇಲೂ ಆ ನೇಮ ತಪ್ಪಲಿಲ್ಲ. ಸಂಜೆ ಕೋರ್ಟು ಎದ್ದ ಕೂಡಲೇ ಛತ್ರಿ ಹಿಡಿದು ಮನೆಯ ದಾರಿ ಹಿಡಿಯುತ್ತಿದ್ದರು. ಇದು ಊರಿಗೆಲ್ಲ ಗೊತ್ತಿದ್ದದ್ದರಿಂದ, ಅವರಿಂದ ಏನಾದರೂ ಆಗಬೇಕಾಗಿದ್ದವರು ಸರಿಯಾಗಿ ಆ ಹೊತ್ತಿಗೇ ಬರುತ್ತಿದ್ದರು. ಎಲೆಯ ಮುಂದೆ ಕೂತ ಮನುಷ್ಯ ಎದ್ದು ಹೋಗುವಂತಿಲ್ಲ. ಬಂದವರನ್ನು ಮೊದಲು ಮಾತಾಡಿಸಿ ಆಮೇಲೆ ಉಣ್ಣೋಣವೆಂದರೆ ಕತ್ತಲಾಗುತ್ತದೆ.

"ನಿಮಗೆ ನೆಂಚಿಕೊಳ್ಳೋಕೆ ಜನರ ತಕರಾರೇ ಸಾಕು. ನಾನ್ಯಾಕೆ ಪಲ್ಯ ಮಾಡ್ಲಿ?" ಎಂದು ಹೆಂಡತಿ ಜ್ವಾಲಾಮಾಲಿನಿ ರೇಗಿಸುತ್ತಿದ್ದರು.

ಕೆಲಸದಲ್ಲೂ ಅವರದೊಂದು ರೂಢಿಯಿತ್ತು. ಸಾಕ್ಷಿಗೆ ಬರುವವರೆಲ್ಲ ಗದ್ದೆಯ ಜನ. ಕೊಯ್ಲಿನಲ್ಲಿ ಕರೆದರೆ ಒಬ್ಬರೂ ಬರುವುದಿಲ್ಲ. ಅಂಥ ಮೊಕದ್ದಮೆಗಳಿಗೆಲ್ಲ ಕಣದ ಕೆಲಸ ಮುಗಿದ ಮೇಲಿನ ವಾಯಿದೆಯನ್ನೇ ಕೇಳಿ ಹಾಕಿಸುತ್ತಿದ್ದರು. ಹುಚ್ಚಯ್ಯನ ಮೊಕದ್ದಮೆಯೂ ಹಾಗೆಯೇ ಮಾಘಕ್ಕೆ ಬಿದ್ದಿತ್ತು. ಅದಾದ ಎಷ್ಟೋ ದಿನದ ಮೇಲೆ ಅರಕಲಗೂಡು ತಾಲ್ಲೂಕು ಬೋರ್ಡಿನ ಚುನಾವಣೆಯ ದಿನವೂ ಆ ವಾಯಿದೆಯ ಬೆನ್ನಿಗೇ ಗೊತ್ತಾಯಿತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು ಇದು.

ಹುಚ್ಚಯ್ಯ ಆ ತಾಲ್ಲೂಕಿನ ಒಂದು ಹಳ್ಳಿಯ ನೀರುಗಂಟಿ. ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವುದು ಅವನ ಕೆಲಸ. ಸರದಿ ಮೀರಿ ತೂಬು ಎತ್ತಲಿಲ್ಲವೆಂದು ಪರಮಶಿವಯ್ಯನವರ ಆಳುಗಳಿಬ್ಬರು ಅವನ ಬಲಗೈ ಮುರಿದಿದ್ದರು. ಏರಿಯ ಮೇಲಿಂದ ಪರಮಶಿವಯ್ಯನವರೇ "ಹಾಕ್ರೋ ಅವನಿಗೆ" ಎಂದರೆಂದು ಹೇಳಿದವಳು ಹುಚ್ಚಯ್ಯನ ಹೆಂಡತಿ ರೇವಮ್ಮ ಒಬ್ಬಳೇ. ಅವಳ ಮಾತಿನ ಮೇಲೆ ಮೂರನೆಯ ಆರೋಪಿಯಾಗಿದ್ದ ಆ ಪರಮಶಿವಯ್ಯನವರು ಈಗ ಬೋರ್ಡಿಗೆ ನಿಂತಿದ್ದರು.

ಒಂದು ಸಂಜೆ ಅವರು ಊಟದ ಹೊತ್ತಿಗೇ ಬಂದರು.

"ಏಳ್ಬೇಡಿ ಸ್ವಾಮಿ, ಉಣ್ಣಿ. ನಾನಿಲ್ಲೇ ಕೂತ್ಕತೀನಿ," ಎಂದು ಬಾಗಿಲ ಬಳಿ ಕೂತರು. "ಕೇಸು ಮುಚ್ಚಾಕಿ ಅಂತ ನಾ ಕೇಳಾಕಿಲ್ಲ. ಓಟು ಮುಗೀಲಿ, ಆಮ್ಯಾಕೆ ಬೇಕಾದ್ರೆ ಜೈಲಿಗಾಕಿ. ಈಗ ಆ ಯಮ್ಮ ಕಟಕಟೇಲಿ ನಿಂತು ನನ್ನ ಎಸರು ಏಳುದ್ರೆ ಜನಕ್ಕೆ ಅದೇ ತೀರ್ಪು. ನಾಳೆ ನನ್ನದೇನೂ ತಪ್ಪಿಲ್ಲ ಅಂತ ಕೋರ್ಟು ಬುಟ್ರೆ, ಕೈತಪ್ಪಿ ಓದ ಓಟನ್ನ ನೀವು ತಂದ್ಕೊಡ್ತೀರಾ?"

ಅನಂತರಾಜಯ್ಯನವರು ಮಜ್ಜಿಗೆ ಅನ್ನ ಕಲೆಸುತ್ತಿದ್ದವರು ಕೈ ನಿಲ್ಲಿಸಿದರು.

"ನಮ್ಮ ವಕೀಲರು ವಾಯಿದೆ ಕೇಳ್ತಾರೆ. ನೀವು ತಕರಾರಿಲ್ಲ ಅನ್ನಿ. ಅಷ್ಟೇಯ."

ಅವರು ಹೋದ ಮೇಲೆ ಜ್ವಾಲಾಮಾಲಿನಿ ಕೇಳಿದರು: "ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಅಲ್ವೇ?"

"ಇಲ್ಲ. ಅದೇ ಕಷ್ಟ."

ಒಂದು ತಿಂಗಳು ತಡವಾದರೆ ಯಾರಿಗೂ ನಷ್ಟವಿಲ್ಲ, ಬೇಗನಾದರೆ ಒಬ್ಬರಿಗೆ ತುಂಬಿಕೊಡಲಾಗದ ನಷ್ಟ ಎಂದು ಅವರು ಲೆಕ್ಕ ಹಾಕಿದರು. ವಾಯಿದೆಗೆ ಒಪ್ಪುವುದೆಂದು ಮನಸ್ಸು ಮಾಡಿ, ಸುಮ್ಮನೆ ಬಂದು ಹೋಗುವ ಶ್ರಮ ಬೇಡವೆಂದು ರೇವಮ್ಮನಿಗೆ ಹೇಳಿಕಳಿಸಿದರು. ಅವಳು ಬಸ್ಸು ಹಿಡಿದು ಕೋರ್ಟಿನ ಜಗಲಿಗೆ ಬಂದೇಬಿಟ್ಟಳು.

"ಮುಂದಕ್ಕಾಕ್ಬುಟ್ರೆ ನಾ ಸಾಕ್ಸಿ ಏಳಾಕಿಲ್ಲ ಸಾಮಿ."

"ಯಾಕಮ್ಮ? ಒಂದು ತಿಂಗಳು ತಾನೇ?"

"ಅವ್ರು ಗೆದ್ಬುಟ್ರೆ ನಮ್ಮೆಜಮಾನ್ರ ಕೆಲ್ಸ ಉಳ್ಯೋದೂ ಓಗೋದೂ ಅವ್ರ ಬಾಯಾಗೆ. ಆಗ ನಂಗೇನೂ ಕೇಳ್ನಿಲ್ಲ, ನನ್ ಕಿವಿ ಮಂದ ಅಂದ್ಬುಡ್ತೀನಿ. ಈಗಾದ್ರೆ ಧೈರ್ಯ ಐತೆ."

"ಪ್ರಮಾಣ ಮಾಡಿ ಸುಳ್ಳು ಹೇಳ್ತೀಯಾ?"

"ಊಂ ಕಣ್ ಸಾಮಿ, ಏಳ್ತೀನಿ. ಮಕ್ಳವೆ."

ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಳು. ತಡವಾದರೂ ಯಾರಿಗೂ ನಷ್ಟವಿಲ್ಲವೆಂಬ ಲೆಕ್ಕ ಅವಳ ಜೊತೆಯಲ್ಲೇ ಹೊರಟುಹೋಯಿತು.

ಮರುದಿನ ಸಂಜೆ ಎಲೆಯ ಮುಂದೆ ಹಾಜರಾದವನು ರುದ್ರಯ್ಯ, ಚುನಾವಣೆಯಲ್ಲಿ ಪರಮಶಿವಯ್ಯನವರ ಎದುರು ಪಾರ್ಟಿಯ ಕಡೆಯವನು. ಅವನಿಗೆ ವಾಯಿದೆ ಇನ್ನೂ ಹಿಂದಕ್ಕೆ, ಪ್ರಚಾರ ಜೋರಾಗುವ ಮೊದಲೇ ಬೇಕಾಗಿತ್ತು. ಜೊತೆಗೆ ರೇವಮ್ಮ ಪೊಲೀಸರಿಗೆ ಹೇಳಿದ್ದರ ನಕಲು ಕೊಟ್ಟರೆ ಕರಪತ್ರ ಹೊಡೆಸುತ್ತೇನೆಂದ.

"ಅವರು ಆಮೇಲೆ ಅಂತಾರೆ, ನೀವು ಮೊದಲೇ ಅಂತೀರಿ," ಎಂದರು ಅನಂತರಾಜಯ್ಯನವರು. "ದಿನ ಗೊತ್ತು ಮಾಡುವಾಗ ನೀವಿಬ್ಬರೂ ನನ್ನ ಕಣ್ಣ ಮುಂದೆ ಇರಲಿಲ್ಲ. ಇದ್ದದ್ದು ಭತ್ತದ ಕಣ ಒಂದೇ. ಅದೇ ದಿನ ನಡೀಲಿ. ನಕಲು ಗಿಕಲು ಏನೂ ಸಿಕ್ಕೋದಿಲ್ಲ."

"ಭಾಳ ನೇರ ಕಣ್ರಪ್ಪ ನೀವು! ಸಾರಿಗೆ ಉಪ್ಪಾದ್ರೂ ಆಕಿಸ್ಕಂಡಿದ್ದೀರೋ, ಅದೂ ಲಂಚ ಅಂತ ಬುಟ್ಬುಟ್ಟಿದ್ದೀರೋ?" ಎಂದು ರುದ್ರಯ್ಯ ಎದ್ದ.

ವಿಚಾರಣೆಯ ದಿನ ಪರಮಶಿವಯ್ಯನವರ ವಕೀಲರು ವಾಯಿದೆ ಕೇಳಿದರು. ಮ್ಯಾಜಿಸ್ಟ್ರೇಟರು ಸರ್ಕಾರಿ ವಕೀಲರ ಕಡೆ ನೋಡಿದರು.

"ತಕರಾರಿದೆ," ಎಂದರು ಅನಂತರಾಜಯ್ಯನವರು.

ರೇವಮ್ಮ ಹೇಳಿದಳು. ಏರಿಯ ಮೇಲಿಂದ ಬಂದ ಆ ಮಾತನ್ನೂ ಬಿಡಲಿಲ್ಲ. ಎದುರು ವಕೀಲರು ಮಾತ್ರ ಒಂದೇ ಪ್ರಶ್ನೆ ಹಿಡಿದು ಜಗ್ಗಿದರು: ಪರಮಶಿವಯ್ಯನವರನ್ನು ನೋಡಿದೆಯಾ?

"ನೋಡ್ನಿಲ್ಲ. ಗಂಡ ಬಿದ್ದಿದ್ರು, ಅವ್ರ ಮ್ಯಾಲೆ ಬಗ್ಗಿದ್ದೆ. ದನಿ ಕೇಳ್ದೆ. ಆ ದನಿ ನಮ್ಮೂರಾಗೆ ಯಾರ್ಗೊತ್ತಿಲ್ಲ?"

ಎರಡು ದಿನ ಕಳೆಯುವುದರೊಳಗೆ ರುದ್ರಯ್ಯನ ಕಡೆಯವರು ಹುಚ್ಚಯ್ಯನನ್ನು ಗಾಡಿಯಲ್ಲಿ ಕೂರಿಸಿ, ಸೊಟ್ಟಗೆ ಕೂಡಿದ ಕೈ ತೋರಿಸುತ್ತಾ, ಮೈಕು ಕಟ್ಟಿಕೊಂಡು ಊರೂರು ಮೆರೆಸಿದರು. ಹಾಗೆ ಮಾಡಬೇಡಿರೆಂದು ಅನಂತರಾಜಯ್ಯನವರು ಹೇಳಿಕಳಿಸಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರಮಶಿವಯ್ಯನವರು ಸೋತರು.

ಆಮೇಲೆ ತೀರ್ಪು ಬಂತು. ಆಳುಗಳಿಬ್ಬರಿಗೂ ಜೈಲಾಯಿತು. ಕಣ್ಣಾರೆ ಕಾಣದೆ ಬರಿಯ ದನಿ ಕೇಳಿದ್ದು ಸಾಲದೆಂದು ಪರಮಶಿವಯ್ಯನವರನ್ನು ಬಿಟ್ಟರು.

ಅವತ್ತು ಸಂಜೆ ಅವರು ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು ಕೂಗಿದರು. "ನನ್ನ ಬುಟ್ಬುಟ್ರು ಸ್ವಾಮಿ! ಇದ್ಕೂ ಒಂದು ಮೈಕು ಕಟ್ಸಿ!"

ಅನಂತರಾಜಯ್ಯನವರು ಅರ್ಧ ಊಟದಲ್ಲಿ ಎದ್ದು ಹೊರಗೆ ಬಂದರು. ಅವರು ಹಾಗೆ ಎದ್ದದ್ದನ್ನು ಜ್ವಾಲಾಮಾಲಿನಿ ಮದುವೆಯಾದಾಗಿನಿಂದ ಕಂಡಿರಲಿಲ್ಲ.

"ಮೈಕು ನನ್ನ ಹತ್ತಿರ ಇಲ್ಲ ಪರಮಶಿವಯ್ಯನವರೇ. ಬಾಯಿ ಇದೆ. ಕೋರ್ಟು ನಿಮ್ಮನ್ನ ಬಿಟ್ಟಿದೆ ಅಂತ ಎಲ್ಲಿ ಬೇಕಾದರೂ ಹೇಳ್ತೀನಿ."

ಹಾಗೆಯೇ ಹೇಳಿದರು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಹಾಸನದ ವಕೀಲರ ಕೂಟದಲ್ಲಿ ಯಾರಾದರೂ ಪರಮಶಿವಯ್ಯನವರನ್ನು ಕೈ ಮುರಿಸಿದವರೆಂದರೆ, "ಹಾಗನ್ನಬೇಡಿ. ಅದು ರುಜುವಾತಾಗಲಿಲ್ಲ, ಕೋರ್ಟು ಬಿಟ್ಟಿದೆ," ಎನ್ನುತ್ತಿದ್ದರು. ಕೆಲವರು ನಕ್ಕರು. ಸೋತವರ ಋಣ ತೀರಿಸ್ತಾ ಇದ್ದಾರೆ ಎಂದವರೂ ಇದ್ದರು.

ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಹೊರಟ ದಿನ, ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಅವರು ಇದೇ ಮಾತನ್ನು ಪರಿಚಯದವರೊಬ್ಬರಿಗೆ ಹೇಳುತ್ತಿದ್ದಾಗ, ಪಕ್ಕದ ಕಂಬದ ಬುಡದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಹೆಂಗಸು ತಲೆ ಎತ್ತಿದಳು. ರೇವಮ್ಮ. ಪೂರ್ತಿ ಕೇಳಿಸಿಕೊಂಡಿದ್ದಳು. ಗಂಟು ಎತ್ತಿ ಕಂಕುಳಿಗೆ ಇರುಕಿಕೊಂಡು, ನಿಲ್ದಾಣದ ಆ ತುದಿಗೆ ಹೋಗಿ, ಬೆನ್ನು ತಿರುಗಿಸಿ ಕೂತಳು.

ಅನಂತರಾಜಯ್ಯನವರು ಅವಳ ಬಳಿಗೆ ಹೋಗಿ ಹೇಳಬಹುದಾದ ಮಾತು ಯಾವುದೆಂದು ಹುಡುಕುತ್ತಿದ್ದಾಗ ಬಸ್ಸು ಬಂತು. ಅವರು ಹತ್ತಿ ಕೂತರು.