ಫುಟ್‌ವಾಲ್ವಿಗೆ ಕಟ್ಟಿದ ಸೀರೆ

ನನ್ನ ಹೊಟ್ಟೆಕಿಚ್ಚಿನ ಕಥೆ ಹೇಳಬೇಕೆಂದರೆ ಅವನ ಕೈಗಡಿಯಾರದಿಂದಲೇ ಶುರು ಮಾಡಬೇಕು. ಮುಂಬಯಿಯಲ್ಲಿ ಎರಡು ತಿಂಗಳ ಟ್ರೇನಿಂಗ್ ಮುಗಿಸಿ ವಾಡಿ ಸ್ಟೇಷನ್ನಿನಲ್ಲಿ ಇಳಿದಾಗ ಅವನ ಎಡಗೈಯಲ್ಲಿ ಅದು ಥಳಥಳ ಹೊಳೆಯುತ್ತಿತ್ತು. ಆರು ವರ್ಷ ನನ್ನ ಕೈಕೆಳಗೆ ಪಂಪ್‌ಹೌಸಿನಲ್ಲಿ ಗ್ರೀಸ್ ಹಚ್ಚಿದವನು ಅವನು. ದಂಡೋತಿಯ ಕಡೆಯವನು, ಎರಡು ಮಕ್ಕಳ ತಂದೆ, ನನಗಿಂತ ಹತ್ತು ವರ್ಷ ಚಿಕ್ಕವನು. ನಟ್ಟನ್ನು ಎಷ್ಟು ಸುತ್ತು ಬಿಗಿಯಬೇಕು, ಬೇರಿಂಗ್ ಬಿಸಿಯಾಗಿದೆಯೇ ಎಂದು ಹಿಂಗೈ ಇಟ್ಟು ಹೇಗೆ ನೋಡಬೇಕು, ಎಲ್ಲವನ್ನೂ ಹೇಳಿಕೊಟ್ಟವನು ನಾನು. ಅವನು ನನ್ನನ್ನು ಉಸ್ತಾದ್ ಎಂದೇ ಕರೆಯುತ್ತಿದ್ದ. ಗಡಿಯಾರ ಕಟ್ಟಿಕೊಂಡ ಮೇಲೂ ಹಾಗೆಯೇ ಕರೆದ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನಾನಾಗ ಶಹಾಬಾದ ಮತ್ತು ವಾಡಿಯ ನಡುವಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಪಂಪ್ ಆಪರೇಟರ್. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಒಂದೆರಡು ವರ್ಷವಾಗಿದ್ದರೂ ನಾವು ರಜೆಗೆ ಬರೆದುಕೊಡುತ್ತಿದ್ದ ಫಾರಮಿನಲ್ಲಿ ಇನ್ನೂ ಮೈಸೂರು ರಾಜ್ಯ ಎಂದೇ ಅಚ್ಚಾಗಿತ್ತು. ಒಂದು ಬೇಸಿಗೆಯಲ್ಲಿ ಗೋಣಿಚೀಲದ ಗೋದಾಮಿಗೆ ಬೆಂಕಿ ಬಿತ್ತು. ನನ್ನ ಹಳೆಯ ಪಂಪಿನ ನೀರು ಅದರ ಛಾವಣಿಯನ್ನೂ ಮುಟ್ಟಲಿಲ್ಲ. ಮರುವರ್ಷ ಬೆಂಕಿಗೆಂದೇ ಹೊಸ ಪಂಪ್‌ಹೌಸ್ ಕಟ್ಟಿಸಿದರು. ನೀರು ತುಂಬಿಡಲು ಒಂದು ಟಾಕಿ, ಕರೆಂಟಿನದೊಂದು ದೊಡ್ಡ ಪಂಪು, ಕರೆಂಟು ಹೋದರೆ ತಾನಾಗಿಯೇ ಚಾಲೂ ಆಗುವ ಡೀಸೆಲ್ಲಿನದೊಂದು. ಅದರ ಕೀಲಿಕೈ ನನಗೇ ಬರುತ್ತದೆಂದು ನಾನು ಮನೆಯಲ್ಲಿ ಹೇಳಿಬಿಟ್ಟೆ. ಹೆಂಡತಿ ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆಯನ್ನೂ ಹೊಡೆದಳು.

ಕೀಲಿಕೈ ಬರಲಿಲ್ಲ. ಪಂಪಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಏಳನೆಯ ತರಗತಿ, ಕನ್ನಡ, ಜೊತೆಗೆ ಅಷ್ಟಿಷ್ಟು ಉರ್ದು. ಅವನು ಗುಲಬರ್ಗಾದಲ್ಲಿ ಐಟಿಐ ಮಾಡಿದವನು. ಅವನನ್ನು ಮುಂಬಯಿಗೆ ಕಳಿಸಿದರು, ಬಂದ ಮೇಲೆ ಕೀಲಿಕೈಯನ್ನೂ ಅವನ ಸೊಂಟಕ್ಕೇ ಸಿಕ್ಕಿಸಿದರು. ವಿಮೆಯವರು ಬಂದು ಮಾಡುವ ಪಂಪಿನ ಪರೀಕ್ಷೆ ಪಾಸಾದರೆ ಆ ಕೆಲಸ ಅವನಿಗೇ ಕಾಯಂ ಎಂದರು.

ಆಮೇಲಿನ ಒಂದು ತಿಂಗಳು ನಾನು ನಡೆದುಕೊಂಡ ರೀತಿ ನೆನೆದರೆ ನನಗೇ ನಗು ಬರುತ್ತದೆ. ಕ್ಯಾಂಟೀನಿನವನು ಅವನಿಗೆ ಕಪ್ಪನ್ನು ಬಸಿಯ ಮೇಲೆ ಇಟ್ಟು ಚಹಾ ಕೊಟ್ಟರೆ ನನ್ನ ಚಹಾ ಕಹಿಯಾಗುತ್ತಿತ್ತು. ಯಾರಾದರೂ ಅವನನ್ನು ಟೈಮ್ ಕೇಳಿದರೆ, ಪಾಳಿಗೊಮ್ಮೆ ಕೂಗುವ ಕಾರ್ಖಾನೆಯ ಭೋಂಗಾ ಕೇಳಿಸುವುದಿಲ್ಲವೇನು, ಕಿವುಡರೇನು ಎಂದು ಹರಿಹಾಯುತ್ತಿದ್ದೆ. ಅವನು ಗ್ರೀಸ್ ಡಬ್ಬಿ ಕೇಳಲು ಬಂದ ದಿನ ಅದನ್ನು ಬೆಂಚಿನ ಹಿಂದೆ ಬಚ್ಚಿಟ್ಟು ಖಾಲಿಯಾಗಿದೆ ಎಂದೆ. ಮನೆಯಲ್ಲಿ ಆ ಖಾಲಿ ಮೊಳೆ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಹೆಂಡತಿ ಅದಕ್ಕೆ ಕಡೆಗೆ ಚಹಾ ಸೋಸುವ ಜಾಲರಿ ತೂಗುಹಾಕಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ನೀರೆಂದರೆ ಖಣಿಯ ನೀರು, ಕಲ್ಲು ತೆಗೆದ ಹೊಂಡದಲ್ಲಿ ನಿಂತದ್ದು. ಅದರ ತುಂಬ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಬಿಳಿ ಪುಡಿ. ಮನೆಗಳಲ್ಲಿ ಹೆಂಗಸರು ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುತ್ತಿದ್ದರು. ಆ ಪುಡಿ ಪಂಪಿನ ಒಳಗಿನ ಚಕ್ರವನ್ನು ತಿಂದು ಹಾಕುತ್ತಿತ್ತು. ಹೆಂಗಸರು ಮಾಡಿದ್ದನ್ನೇ ನಾನೂ ಮಾಡಿದೆ. ನೀರು ಹೀರುವ ಕೊಳವೆಯ ತುದಿ ತಳದಲ್ಲಿ ಮುಳುಗಿರುತ್ತದೆ, ಅಲ್ಲಿರುವ ಜಾಲರಿಗೆ ಫುಟ್‌ವಾಲ್ವ್ ಎನ್ನುತ್ತಿದ್ದೆವು. ಅದಕ್ಕೆ ಹೆಂಡತಿಯ ಹಳೆಯ ಸೀರೆಯ ತುಂಡು ಸುತ್ತಿದೆ. ಚಕ್ರ ಎರಡು ಪಟ್ಟು ಬಾಳಿಕೆ ಬಂತು. ಶಹಾಬಾದದ ಕಲ್ಲು ಪಾಲಿಶ್ ಮಾಡುವ ಅಂಗಳದವರು ಬಂದು ನೋಡಿಕೊಂಡು ಹೋಗಿ ತಮ್ಮ ಪಂಪುಗಳಿಗೂ ಕಟ್ಟಿದರು. ಅವರು ಅದನ್ನು ಉಸ್ತಾದನ ಅರಿವೆ ಎಂದೇ ಕರೆದರು. ನನ್ನ ಜೀವನದಲ್ಲಿ ಕೀರ್ತಿ ಎಂಬುದು ಬಂದಿದ್ದರೆ ಅದೊಂದೇ.

ಪರೀಕ್ಷೆಯ ಹಿಂದಿನ ದಿನ ಅವನು ನನ್ನ ಹಳೆಯ ಪಂಪ್‌ಹೌಸಿಗೆ ಬಂದು, ಮೊದಲಿನಂತೆಯೇ ನೆಲದ ಮೇಲೆ ಕುಳಿತ. ಮರುದಿನ ಏನೇನು ನಡೆಯುತ್ತದೆ ಎಂದು ವಿವರಿಸಿದ. ಮೊದಲು ಎಲ್ಲ ವಾಲ್ವು ಮುಚ್ಚಿ ಪಂಪು ನಡೆಸುವುದು. ಆಮೇಲೆ ಪಂಪಿನ ಮೇಲೆ ಬರೆದಷ್ಟು ನೀರು ಬಿಡುವುದು. ಕಡೆಗೆ ಅದರ ಒಂದೂವರೆ ಪಟ್ಟು ನೀರು ಬಿಟ್ಟು ಒತ್ತಡ ಬೀಳದೆ ನಿಲ್ಲುತ್ತದೆಯೇ ನೋಡುವುದು.

"ಉಸ್ತಾದ್, ಹೊಸಾ ಟಾಕಿಗೂ ನೀರು ಖಣಿದೇ ಬರಾಕತ್ತದ," ಎಂದ. "ಜಾಲರಿಗಿ ಅರಬಿ ಕಟ್ಲೇನ್ರಿ? ಪುಸ್ತಕದಾಗ ಇದರದು ಏನೂ ಬರದಿಲ್ಲ."

ಕೇಳಿದ ಕ್ಷಣಕ್ಕೇ ನನಗೆ ಉತ್ತರ ಹೊಳೆದಿತ್ತು. ನನ್ನ ಪಂಪು ಚಿಕ್ಕದು, ಅರಿವೆಯೊಳಗಿಂದ ಮೆಲ್ಲಗೆ ಕುಡಿಯುತ್ತದೆ. ಒಂದೂವರೆ ಪಟ್ಟು ನೀರೆಳೆಯುವ ಈ ರಾಕ್ಷಸ ಅರಿವೆಯನ್ನು ಜಾಲರಿಗೆ ಅಂಟಿಸಿಕೊಂಡು ಉಸಿರುಗಟ್ಟುತ್ತದೆ. ಬ್ಯಾಡ ಎಂಬ ಒಂದು ಮಾತು ಸಾಕಿತ್ತು. ಅವನು ಮೊಣಕಾಲ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಆ ಕೈಯಲ್ಲಿ ಗಡಿಯಾರವಿತ್ತು.

"ನಾ ಹತ್ತು ವರ್ಷ ಕಟ್ಟೀನಪಾ," ಎಂದೆ. "ನನ್ನ ಪಂಪು ಇನ್ನಾ ನಡ್ಯಾಕತ್ತದ."

ಎರಡೂ ನಿಜವೇ. ಅವನ ಮುಖ ಅರಳಿತು. "ಹಾಂಗಾದ್ರ ನಿಮ್ಮ ಕಡೀದೇ ಒಂದು ತುಂಡು ಕೊಡ್ರಿ. ನಿಮ್ಮ ಕೈಗುಣ ಛಲೋ ಅದ," ಎಂದ. ನಾನು ಎದ್ದು, ಪೆಟ್ಟಿಗೆ ತೆಗೆದು, ಹೆಂಡತಿಯ ಹಸಿರು ಅಂಚಿನ ಸೀರೆಯ ದೊಡ್ಡ ತುಂಡನ್ನೇ ಹುಡುಕಿ ಕೊಟ್ಟೆ.

ಮರುದಿನ ಬೆಳಿಗ್ಗೆ ವಿಮೆಯ ಕಡೆಯ ಸಾಹೇಬರು ಹೈದರಾಬಾದಿನಿಂದ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ತಮ್ಮದೇ ಮೀಟರು. ಕಾರ್ಖಾನೆಯ ಮೀಟರನ್ನು ಅವರು ನಂಬುವವರಲ್ಲ. ಕಲ್ಲಿದ್ದಲಿನ ಅಂಗಳದ ತನಕ ಪೈಪು ಹಾಸಿ, ತುದಿಯ ಒಂದೊಂದು ನಳಿಗೆಗೆ ಇಬ್ಬಿಬ್ಬರಂತೆ ಹಿಡಿದು ನಿಂತಿದ್ದರು. ಕೆಲಸ ಬಿಟ್ಟು ಅರ್ಧ ಕಾರ್ಖಾನೆ ಅಲ್ಲಿ ಸೇರಿತ್ತು. ಅವನು ಹೊಸ ಖಾಕಿಯಲ್ಲಿ ಪಂಪಿನ ಮುಂದೆ ನಿಂತ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ.

ಮೊದಲನೆಯದು ಪಾಸು. ಎರಡನೆಯದರಲ್ಲಿ ನೀರು ಗೋದಾಮಿನ ಛಾವಣಿ ದಾಟಿ ಆಚೆ ಬಿತ್ತು. ಮಂದಿ ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ನನ್ನ ಲೆಕ್ಕ ತಪ್ಪಿತೇನೋ, ಇವನ ದೈವವೇ ಇವನ ಬೆನ್ನಿಗಿದೆ ಎಂದು ನಾನು ಹಲ್ಲು ಕಚ್ಚಿದೆ. ಸಾಹೇಬರು ಇನ್ನೆರಡು ನಳಿಗೆ ಬಿಡಲು ಹೇಳಿದರು. ಎಣಿಸಿ ಹತ್ತು ಹೇಳುವಷ್ಟರಲ್ಲಿ ಪಂಪಿನ ಹೊಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ ತಿರುವಿದಂಥ ಸದ್ದು ಎದ್ದಿತು. ಮೀಟರಿನ ಮುಳ್ಳು ಗಡಗಡ ನಡುಗಿ ಕೆಳಗೆ ಬಿತ್ತು. ಹೊರಗೆ ಹಾರುತ್ತಿದ್ದ ನೀರು ನಳಿಗೆ ಹಿಡಿದವರ ಕಾಲ ಮೇಲೆಯೇ ಸುರಿಯಿತು. ಸಾಹೇಬರು ಕೈಯೆತ್ತಿ ಬಂದ್ ಮಾಡಿಸಿದರು. ನನಗೆ ಖುಷಿಯಾಯಿತು. ಯಾಕೆ ಮುಚ್ಚಿಡಲಿ, ಬಹಳ ಖುಷಿಯಾಯಿತು.

ಅವನಿಗೆ ಸದ್ದಿನಿಂದಲೇ ತಿಳಿದಿರಬೇಕು. ಸದ್ದು ಕೇಳಿ ರೋಗ ಹೇಳುವುದನ್ನು ಕಲಿಸಿದವನೂ ನಾನೇ. ಗಡಿಯಾರ ಬಿಚ್ಚಿ ಕಿಟಕಿಯಲ್ಲಿಟ್ಟು, ಹೊಸ ಖಾಕಿಯಲ್ಲೇ ಟಾಕಿಗೆ ಇಳಿದ. ಎದೆಮಟ್ಟ ನೀರು. ಮುಳುಗಿ ಎದ್ದಾಗ ಕೈಯಲ್ಲಿ ಬಿಳಿ ರಾಡಿ ಮೆತ್ತಿದ ಸೀರೆ ಇತ್ತು, ಹಸಿರು ಅಂಚು ಮಾತ್ರ ಎದ್ದು ಕಾಣುತ್ತಿತ್ತು. ಕಾರ್ಖಾನೆಯ ಇಂಜಿನಿಯರ್ ಮೈಸೂರು ಕಡೆಯವರು, ಬಂದು ಆರು ತಿಂಗಳಾಗಿತ್ತು ಅಷ್ಟೇ; ಉಸ್ತಾದನ ಅರಿವೆಯ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ಉಳಿದವರಿಗೆಲ್ಲ ಅದು ಗೊತ್ತಿತ್ತು. ನಾಲ್ಕಾರು ಜನ ತಿರುಗಿ ನನ್ನ ಮುಖ ನೋಡಿದರು.

"ಯಾರ್ರೀ ನಿಮಗೆ ಇದನ್ನ ಕಟ್ಟೋಕೆ ಹೇಳಿದ್ದು?" ಎಂದು ಇಂಜಿನಿಯರ್ ಕೂಗಿದರು.

ಅವನು ನನ್ನ ಕಡೆ ನೋಡಲೇ ಇಲ್ಲ. "ಯಾರೂ ಹೇಳಿಲ್ರಿ ಸಾಹೇಬ್ರ. ನಾನೇ ಕಟ್ಟೀನಿ. ತಪ್ಪು ನಂದೇ ಅದ."

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಇಂಜಿನಿಯರ್ ಅವನಿಂದ ಕೀಲಿಕೈ ಇಸಿದುಕೊಂಡು ನೇರ ನನ್ನ ಹತ್ತಿರ ಬಂದರು. "ಹಳಬರು ಹಳಬರೇ. ಇನ್ನು ಮೇಲೆ ಇದು ನಿಮ್ಮ ಹತ್ತಿರ ಇರಲಿ," ಎಂದರು. ಕೀಲಿಕೈ ಒದ್ದೆಯಾಗಿತ್ತು.

ಊಟದ ಹೊತ್ತಿನ ನಂತರ ಸಾಹೇಬರು ಮತ್ತೊಮ್ಮೆ ಪರೀಕ್ಷೆಗೆ ಒಪ್ಪಿದರು. ಈಗ ಪಂಪಿನ ಮುಂದೆ ನಾನು. ಎದುರಿಗೆ ಸಾಲು ಸಾಲು ಗುಂಡಿಗಳು, ಅವುಗಳ ಕೆಳಗೆ ಇಂಗ್ಲಿಷ್ ಅಕ್ಷರ. ಕೈ ಎತ್ತಿದವನು ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೆಯೇ ನಿಂತೆ. ಬೆನ್ನ ಹಿಂದಿನಿಂದ ಮೆಲ್ಲಗೆ ಅವನ ದನಿ ಬಂತು. "ಎಡಕಿನ ಹಸರು ಗುಂಡಿ, ಉಸ್ತಾದ್." ಅವನ ಬಟ್ಟೆ ಇನ್ನೂ ಪೂರ್ತಿ ಆರಿರಲಿಲ್ಲ. ಅವನು ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಮೂರೂ ಹಂತ ಪಾಸಾದವು. ಕಡೆಗೆ ಕರೆಂಟು ತೆಗೆದಾಗ ಡೀಸೆಲ್ ಪಂಪು ತಾನಾಗಿಯೇ ಎದ್ದು ಗುಡುಗಿತು. ಸಾಹೇಬರು ನನ್ನ ಕೈ ಕುಲುಕಿದರು. ಅಲ್ಲಿಯ ತನಕ ಯಾವ ಸಾಹೇಬರೂ ನನ್ನ ಕೈ ಕುಲುಕಿರಲಿಲ್ಲ. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ಅವನೇ.

ಸಂಜೆ ಭೋಂಗಾ ಆದ ಮೇಲೆ ನಾನು ಹೊಸ ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಅವನು ಸೀರೆಯ ತುಂಡನ್ನು ತೊಳೆದು ಒಣಗಿಸಿ ನಾಲ್ಕು ಮಡಿಕೆ ಮಾಡಿ ತಂದಿದ್ದ.

"ವೈನಿಯವ್ರಿಗಿ ಕೊಡ್ರಿ," ಎಂದ. ಹೋಗಲಿಲ್ಲ, ನಿಂತ. "ಒಂದು ಮಾತು ಕೇಳ್ಲೇನ್ರಿ ಉಸ್ತಾದ್? ಇಷ್ಟು ದೊಡ್ಡ ಪಂಪಿಗಿ ಅರಬಿ ನಡ್ಯಂಗಿಲ್ಲಂತ ನಿಮಗ ಗೊತ್ತಿತ್ತೇನು?"

"ನನಗೆಲ್ಲಿ ಗೊತ್ತಪಾ," ಎಂದೆ. "ನಾ ಏನು ಮುಂಬಯಿ ನೋಡೀನೇನು?"

ಅವನ ಹೆಗಲು ಸಡಿಲವಾದವು. "ನಾನೂ ಅದೇ ಅಂದೆ ನೋಡ್ರಿ, ಉಸ್ತಾದ್‌ಗ ಗೊತ್ತಿದ್ರ ಹೇಳಲಾರದ ಇರತಿದ್ರೇನು ಅಂತ. ಮಂದಿ ಏನೇನರ ಅನ್ನಾಕತ್ತಿದ್ರು. ಈಗ ಜೀವ ಹಗೂರ ಆತು." ಜೇಬಿನಿಂದ ಗಡಿಯಾರ ತೆಗೆದು ಕಟ್ಟಿಕೊಂಡು ಸೈಕಲ್ ಹತ್ತಿದ.

ಮನೆಯಲ್ಲಿ ಹೆಂಡತಿ ಜಾಲರಿಯನ್ನು ಕೆಳಗಿಟ್ಟು ಕೀಲಿಕೈಯನ್ನು ಮೊಳೆಗೆ ಹಾಕಿದಳು, ಶಿರಾ ಮಾಡಿದಳು. ಸೀರೆ ತುಂಡನ್ನು ಬೆಳಕಿಗೆ ಹಿಡಿದು, ತಾನೂ ಇಷ್ಟು ಬೆಳ್ಳಗೆ ಒಗೆದಿರಲಿಲ್ಲ ಎಂದಳು. ನಾನು ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಆ ಮೊಳೆಯನ್ನೇ ನೋಡುತ್ತ ಬಿದ್ದಿದ್ದೆ. ನಿವೃತ್ತಿಯ ತನಕ ಕೀಲಿಕೈ ಅಲ್ಲಿಯೇ ಇತ್ತು. ಅವನ ಗಡಿಯಾರದ ಮೇಲಿನ ಹೊಟ್ಟೆಕಿಚ್ಚು ಅವತ್ತಿಗೇ ತೀರಿತು. ಆದರೆ ಅವನು ಅವತ್ತು ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗಿರುತ್ತಾನಲ್ಲ, ಆ ನಿದ್ದೆಯ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.