ಖಾದರಸಾಬರ ಕೈ, ಆವರಿಕೆ ಗಿಡ

ಖಾದರಸಾಬರ ಕೈಗಳು ಸುಮ್ಮನಿದ್ದುದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಉಳಿದಂತೆ ಅವು ಏನನ್ನಾದರೂ ಬಿಚ್ಚುತ್ತಲೇ ಇರುತ್ತಿದ್ದವು. ಮುಂಡಗೋಡದಲ್ಲಿ ನಮ್ಮ ಮನೆಯೆದುರಿಗೇ ಅವರ ಪಂಪ್ ರಿಪೇರಿ ಅಂಗಡಿ, ಅದರ ಹಿಂದೆ ಮನೆ. ಚಹಾಕ್ಕೆ ಬಂದರೆ ನಮ್ಮ ಕುರ್ಚಿಯ ನಟ್ಟು ತಿರುವಿ, "ಮಾಸ್ತರ, ಸ್ವಲ್ಪ ಸಡಲ ಐತಿ" ಎನ್ನುತ್ತಿದ್ದರು. ಇರದಿದ್ದರೂ ಅವರು ಎದ್ದು ಹೋಗುವಷ್ಟರಲ್ಲಿ ಸಡಿಲಾಗಿರುತ್ತಿತ್ತು.

ಇಂಥವರಿಗೆ ಆವರಿಕೆ ಬೆಳೆಸುವ ಹುಚ್ಚು ಹಿಡಿದದ್ದು ಹೆಂಡತಿ ಬೀಬಿಜಾನ್ ಚಾಚಿಗಾಗಿ. ಚಾಚಿಯ ತವರು ಗದಗದ ಕಡೆ. ಅಲ್ಲಿ ಮಳೆ ಬರಲಿ ಬಿಡಲಿ, ರಸ್ತೆ ಬದಿಗೆಲ್ಲ ಹಳದಿ ಆವರಿಕೆ. ಮೊಣಕಾಲು ನೋವಿನಿಂದ ಬಸ್ಸು ಹತ್ತುವುದೇ ನಿಂತ ಮೇಲೆ, "ಆ ಹೂವು ಒಮ್ಮೆ ನಮ್ಮ ಬಾಗಲಾಗ ನೋಡಬೇಕ್ರಿ" ಎಂದಿದ್ದರು, ಅಷ್ಟೇ.

ಸಾಬರು ಬೀಜ ತರಿಸಿದರು. ಸಿಪ್ಪೆ ಗಟ್ಟಿ. ವೈಂಡಿಂಗ್ ತಂತಿ ಉಜ್ಜುವ ಎಮರಿ ಪೇಪರಿನಿಂದ ಒಂದೊಂದನ್ನೇ ಉಜ್ಜಿ, ನೆನೆಹಾಕಿ, ಬಾಗಿಲ ಪಕ್ಕ ನೀರು ನಿಲ್ಲದ ಗರಸು ಮಣ್ಣು ಏರಿಸಿ ಊರಿದರು. ಮೊಳಕೆ ಬಂತು, ಕಷ್ಟವೂ ಶುರುವಾಯಿತು. ಬರ ತಡೆಯುವ ಗಿಡವನ್ನು ಅದರ ಪಾಡಿಗೆ ಬಿಡಬೇಕು, ಇವರಿಗೆ ಬಿಡಲಾಗದು. ಮೊದಲನೆಯದಕ್ಕೆ ದಿನಾ ನೀರು ಹಾಕಿ ಬೇರು ಕೊಳೆಸಿದರು. ಎರಡನೆಯದು ಮೊಣಕಾಲೆತ್ತರ ಬಂದಾಗ "ಗ್ವಾಡಿ ಕಡೆ ಬಿಸಲು ಛಲೋ ಬೀಳತೈತಿ" ಎಂದು ಅಗೆದು ಸರಿಸಿದರು. ತಾಯಿಬೇರು ತುಂಡಾಗಿ ವಾರದಲ್ಲೇ ಒಣಗಿತು. ಮೂರನೆಯದನ್ನು ಯಾಕೆ ಕಿತ್ತಿರೆಂದು ನಾನೇ ಕೇಳಿದೆ.

"ಬೇರು ಹಿಡದೈತೇನು ನೋಡಾಕ ಎತ್ತಿದೆ, ಮಾಸ್ತರ. ಪಂಪ್ ಬಿಚ್ಚದ ಒಳಗಿನದು ಹೆಂಗ ಗೊತ್ತಾಗಬೇಕು?"

ನನಗೆ ನಗು, ಸಿಟ್ಟು ಎರಡೂ ಬಂದವು. ಚಾಚಿ ಮಾತ್ರ ನಗಲಿಲ್ಲ.

"ಕಾಲು ಹೋದ್ವು. ಕಣ್ಣೂ ಮಂಜಾಗಾಕ ಹತ್ಯಾವು. ನೀವು ಹಿಂಗ ಕೀಳಕೋತ ಕುಂದರ್ರಿ."

ಆ ಮಾತು ಸಾಬರಿಗೆ ನಾಟಿತು. ನಾಲ್ಕನೆಯ ಗಿಡ ಮೊಳೆತ ದಿನವೇ ಕೈಚೀಲ ಹಿಡಿದು ನಮ್ಮ ಮನೆಗೆ ಬಂದರು. ದೂರದ ಜೋಯಿಡಾ ಕಾಡಿನ ಕುಂಬಾರವಾಡದಲ್ಲಿ ಪಂಪಿನ ಕೆಲಸ ಒಪ್ಪಿಕೊಂಡಿದ್ದರು. "ಇಲ್ಲೇ ಇದ್ದರ ನನ್ನ ಕೈ ಸುಮ್ಮನಿರೂದಿಲ್ಲ. ನೀವೂ ಮುಟ್ಟಬ್ಯಾಡ್ರಿ. ಹೂವಾದ ಮ್ಯಾಲೆ ಬರ್ತೇನಿ."

ಹಬ್ಬಕ್ಕೆ ಬಂದರೂ ಗಿಡದ ಹತ್ತಿರ ಸುಳಿಯದೆ ಹಿಂದಿನ ಬಾಗಿಲಿಂದಲೇ ಒಳಗೆ ಹೋಗುತ್ತಿದ್ದರು. ಕುಂಬಾರವಾಡದಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು, ಹತ್ತಿ ನನಗೆ ಫೋನ್ ಮಾಡಿ "ಮೊಗ್ಗು?" ಎನ್ನುತ್ತಿದ್ದರು. ನನಗೂ ಅವರ ತಳಮಳ ಅಂಟಿತು. ಶಾಲೆಗೆ ಹೊರಟಾಗಲೊಮ್ಮೆ, ಬಂದಾಗಲೊಮ್ಮೆ ಗಿಡ ನೋಡದಿದ್ದರೆ ಜೀವಕ್ಕೆ ಸಮಾಧಾನವಿಲ್ಲ.

ಮರುವರ್ಷ ಮಳೆ ನಿಂತ ಮೇಲೆ ಹೂವಾಯಿತು. ಸಿಕ್ಕ ಬಸ್ಸು ಹಿಡಿದು ಬಂದ ಸಾಬರು ಗಿಡದಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತರು. ಬೆನ್ನ ಹಿಂದೆ ಬಲಗೈ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಚಾಚಿ ಕುರ್ಚಿಯಲ್ಲಿದ್ದರು.

"ಒಂದು ಹರದು ಕೊಡ್ರಿ."

"ನಾ ಮುಟ್ಟೂದಿಲ್ಲ. ನೀನ ಹರಕೋ."

ನಾನು ಕುರ್ಚಿಯನ್ನು ಗಿಡದ ಹತ್ತಿರ ಎಳೆದೆ. ಚಾಚಿ ತಡಕಾಡಿ ಒಂದು ಗೊಂಚಲು ಹರಿದು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಸಾಬರ ಕೈ ಕದಲಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸಾಬರು ತೀರಿಕೊಂಡರು. ನಾನು ಊರಲ್ಲಿರಲಿಲ್ಲ; ಆ ಕೊರಗು ಇನ್ನೂ ಇದೆ. ಗಿಡ ಈಗ ನನ್ನ ಭುಜದೆತ್ತರ. ಮೊನ್ನೆ ಗಾಳಿಗೆ ಒಂದು ಕೊಂಬೆ ವಾಲಿತ್ತು. ಕಟ್ಟೋಣವೆಂದು ದಾರ ಹಿಡಿದು ಹೋದೆ. ಹೆಜ್ಜೆ ಸಪ್ಪಳ ಕೇಳಿ ಚಾಚಿ ಕುರ್ಚಿಯಿಂದಲೇ ಕೂಗಿದರು:

"ಮಾಸ್ತರ, ಕೈ ಹಿಂದಕ್ಕ ಕಟ್ಟಿಕೊಳ್ರಿ."